ಕರಗುವುದು ಯಾರ ಗುಣ?

(ಅತ್ತಿಗೆ ಮನೆಯಲ್ಲೇ ಸಿಹಿತಿಂಡಿ ಮಾಡಿ ಮಾರುವವರು. ಮೈದುನ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು.)

ಅತ್ತಿಗೆ: ಮಗಳ ಪುಸ್ತಕದಲ್ಲಿ ಎರಡು ಪಟ್ಟಿ ಕೊಟ್ಟಿದ್ದಾರೆ ನೋಡು. ಉಪ್ಪು, ಸಕ್ಕರೆ, ಅಡುಗೆ ಸೋಡಾ ನೀರಲ್ಲಿ ಕರಗುತ್ತವೆ. ಎಣ್ಣೆ, ಮರಳು, ಸೀಮೆಸುಣ್ಣ ಕರಗಲ್ಲ. ಯಾಕೆ ಅನ್ನೋದು ಮಾತ್ರ ಎಲ್ಲೂ ಇಲ್ಲ.

ಮೈದುನ: ಅದನ್ನ ಪಿಯುಗೆ ಬಂದಾಗ ಹೇಳ್ತೀವಿ ಅತ್ತಿಗೆ. ಸಮಾನವಾದದ್ದು ಸಮಾನವಾದದ್ದರಲ್ಲಿ ಕರಗುತ್ತೆ ಅಂತ ಒಂದು ಸೂತ್ರ ಇದೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆಗೆ ಸ್ವಲ್ಪ ಋಣ ವಿದ್ಯುತ್ತು, ಎರಡು ಹೈಡ್ರೋಜನ್ ಕಡೆಗೆ ಸ್ವಲ್ಪ ಧನ. ಅಣು ನೆಟ್ಟಗಿಲ್ಲ, 104.5 ಡಿಗ್ರಿಯಲ್ಲಿ ಬಾಗಿದೆ. ಹಾಗಾಗಿ ಧನ ಒಂದು ಮಗ್ಗುಲಿಗೆ, ಋಣ ಇನ್ನೊಂದು ಮಗ್ಗುಲಿಗೆ ಉಳಿಯುತ್ತೆ. ಇಂಥ ಎರಡು ಧ್ರುವ ಇರೋ ವಸ್ತುಗಳು ನೀರಿಗೆ ಸೇರುತ್ತವೆ, ಇಲ್ಲದವು ಸೇರಲ್ಲ.

ಅತ್ತಿಗೆ: ಸಕ್ಕರೆಗೆ ಆ ಧ್ರುವ ಇದೆಯಾ?

ಮೈದುನ: ಬೇಕಾದಷ್ಟಿದೆ. ಒಂದು ಸಕ್ಕರೆ ಅಣುವಿನ ಮೈಮೇಲೆ ಆಕ್ಸಿಜನ್–ಹೈಡ್ರೋಜನ್ ಜೋಡಿ ಎಂಟು. ಎಂಟು ಕಡೆ ನೀರು ಹಿಡಿಯಬಹುದು.

ಅತ್ತಿಗೆ: ಹತ್ತಿಗೆ?

ಮೈದುನ: ಹತ್ತಿ ಅಂದರೆ ಸೆಲ್ಯುಲೋಸ್. ಗ್ಲೂಕೋಸಿನ ಉಂಗುರಗಳನ್ನ ಸಾವಿರಾರು ಪೋಣಿಸಿದ ಸರ. ಒಂದೊಂದು ಉಂಗುರದಲ್ಲೂ ಅದೇ ಜೋಡಿ ಮೂರು ಮೂರು.

ಅತ್ತಿಗೆ: ಹಾಗಾದರೆ ನಿನ್ನ ಸೂತ್ರದ ಪ್ರಕಾರ ನನ್ನ ಹತ್ತಿ ಸೀರೆ ಮೊದಲ ಒಗೆತಕ್ಕೇ ಬಕೆಟ್ಟಿನಲ್ಲಿ ಪಾಕ ಆಗಿರಬೇಕಿತ್ತು.

ಮೈದುನ: ಆಗಲ್ಲ. ಯಾಕಂದರೆ ಸೂತ್ರ ನೋಡೋದು ನೀರಿಗೂ ವಸ್ತುವಿಗೂ ಇರೋ ನಂಟನ್ನ ಮಾತ್ರ. ಲೆಕ್ಕದಲ್ಲಿ ಇನ್ನೂ ಎರಡು ಬಾಬ್ತು ಇವೆ. ವಸ್ತುವಿನ ಕಣಗಳು ತಮ್ಮತಮ್ಮೊಳಗೆ ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ, ಅದನ್ನ ಬಿಡಿಸೋಕೆ ಎಷ್ಟು ಖರ್ಚು? ಆಮೇಲೆ, ನೀರಿನ ಅಣುಗಳೂ ಒಂದನ್ನೊಂದು ಹಿಡಿದುಕೊಂಡಿವೆಯಲ್ಲ, ಅವನ್ನ ಸರಿಸಿ ಜಾಗ ಮಾಡೋಕೆ ಎಷ್ಟು ಖರ್ಚು? ಈ ಎರಡು ಖರ್ಚಿನ ಎದುರಿಗೆ, ನೀರು ವಸ್ತುವನ್ನ ಹಿಡಿದಾಗ ಬರೋ ಆದಾಯ. ಹತ್ತಿಯಲ್ಲಿ ಸರಗಳು ಒತ್ತೊತ್ತಾಗಿ ಮಲಗಿ ಉದ್ದಕ್ಕೂ ಹಿಡಿದುಕೊಂಡಿರುತ್ತವೆ. ಒಂದು ಸರ ಬಿಡಿಸಬೇಕಾದರೆ ಸಾವಿರಾರು ಹಿಡಿತ ಒಟ್ಟಿಗೆ ಬಿಡಿಸಬೇಕು. ನೀರು ಸಡಿಲ ಇರೋ ಕಡೆ ನುಗ್ಗುತ್ತೆ, ಎಳೆ ಉಬ್ಬುತ್ತೆ, ಬೆವರು ಹೀರುತ್ತೆ. ಸರ ಮಾತ್ರ ಕಳಚಿ ಬರಲ್ಲ.

ಅತ್ತಿಗೆ: ಗಂಜಿಯೂ ಗ್ಲೂಕೋಸೇ ಅಂತ ಓದಿದ ನೆನಪು.

ಮೈದುನ: ಅದೇ ಗ್ಲೂಕೋಸು. ಕೊಂಡಿ ಹಾಕಿರೋ ರೀತಿ ಬೇರೆ, ಅದಕ್ಕೇ ಸರ ನೆಟ್ಟಗೆ ಮಲಗದೆ ಸುರುಳಿ ಸುತ್ತಿಕೊಳ್ಳುತ್ತೆ. ಬಿಸಿನೀರು ಒಳಗೆ ಹೊಕ್ಕು ಅದನ್ನ ಬಿಡಿಸಬಲ್ಲದು. ನೀವು ಸೀರೆಗೆ ಗಂಜಿ ಹಾಕ್ತೀರಲ್ಲ, ಆಗ ಗ್ಲೂಕೋಸಿನ ಮೇಲೆ ಗ್ಲೂಕೋಸನ್ನೇ ಹಚ್ಚೋದು. ಒಂದು ನೀರಿಗೆ ಬಿಡುತ್ತೆ, ಇನ್ನೊಂದು ವರ್ಷಗಟ್ಟಲೆ ಒಗೆದರೂ ಬಿಡಲ್ಲ.

ಅತ್ತಿಗೆ: ಸರಿ, ಸೀರೆ ಉಳೀತು. ಪಾಕದ ವಿಷಯಕ್ಕೆ ಬಾ. ಸಕ್ಕರೆ ಮುಳುಗೋಷ್ಟೇ ನೀರು ಹಾಕಿದರೂ ಕಾಯಿಸಿದಾಗ ಅಷ್ಟೂ ಕರಗುತ್ತೆ. ಉಪ್ಪಿಗೆ ಹಾಗೆ ಮಾಡಿದರೆ ತಳದಲ್ಲೇ ಕೂತಿರುತ್ತೆ, ಕಾಯಿಸಿದರೂ ಅಷ್ಟೇ.

ಮೈದುನ: ಸರಿಯಾಗಿ ನೋಡಿದ್ದೀರ. 100 ಗ್ರಾಂ ನೀರಿಗೆ ಕೋಣೆಯ ಬಿಸಿಯಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತೆ, ಕುದಿಯೋ ಹೊತ್ತಿಗೆ 480 ಗ್ರಾಂ ದಾಟುತ್ತೆ. ಉಪ್ಪು ತಣ್ಣೀರಿಗೆ 36 ಗ್ರಾಂ, ಕುದಿಯೋ ನೀರಿಗೂ 39ರ ಸುಮಾರು. ಪಾಕ ಆರುವಾಗ ಹರಳುಗಟ್ಟೋದು ಈ 480ಕ್ಕೂ 200ಕ್ಕೂ ನಡುವಿನ ಅಂತರದಿಂದಲೇ. ಬಿಸಿಯಲ್ಲಿ ಹಿಡಿದಿದ್ದ ಹೆಚ್ಚುವರಿ ಸಕ್ಕರೆಯನ್ನ ತಣ್ಣಗಾದ ನೀರು ಇಟ್ಟುಕೊಳ್ಳಲಾರದು.

ಅತ್ತಿಗೆ: ಅದಕ್ಕೇ ನಾಲ್ಕು ಹನಿ ನಿಂಬೆರಸ ಹಾಕೋದು.

ಮೈದುನ: ಹುಳಿ ತಾಗಿದಾಗ ಸಕ್ಕರೆ ಒಂದಿಷ್ಟು ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತೆ. ಮೂರು ಜಾತಿಯ ಅಣು ಬೆರೆತಾಗ ಒಂದೇ ಅಚ್ಚಿನ ಹರಳು ಕಟ್ಟೋದು ಕಷ್ಟ. ಇನ್ನು ಸುಣ್ಣ ತಗೊಳ್ಳಿ, ಅದು ಪೂರ್ತಿ ಉಲ್ಟಾ. ತಣ್ಣೀರಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ ಕರಗುತ್ತೆ, ಕುದಿಯೋ ನೀರಲ್ಲಿ ಅದರ ಅರ್ಧವೂ ಇಲ್ಲ. ಬಿಸಿ ಮಾಡಿದರೆ ಎಲ್ಲಾನೂ ಕರಗುತ್ತೆ ಅನ್ನೋ ಮಾತೂ ನಿಲ್ಲಲ್ಲ.

ಅತ್ತಿಗೆ: ಉಪ್ಪು ಬಿಸಿಗೆ ಯಾಕೆ ಬಗ್ಗಲ್ಲ?

ಮೈದುನ: ಉಪ್ಪಿನ ಲೆಕ್ಕದಲ್ಲಿ ಖರ್ಚು ಆದಾಯ ಎರಡೂ ಭಾರಿ, ಉಳಿಯೋದು ಬಿಡಿಗಾಸು. 58 ಗ್ರಾಂ ಉಪ್ಪಿನ ಹರಳನ್ನ ಬಿಡಿಬಿಡಿ ಅಯಾನುಗಳಾಗಿ, ಅಂದರೆ ಧನ, ಋಣ ಚೂರುಗಳಾಗಿ, ಕಿತ್ತು ದೂರ ಮಾಡೋಕೆ ಸುಮಾರು 787 ಕಿಲೋಜೌಲ್ ಬೇಕು. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನ ಕುದಿಗೆ ತರುವಷ್ಟು ಶಕ್ತಿ ಅದು. ನೀರಿನ ಅಣುಗಳು ಆ ಅಯಾನುಗಳನ್ನ ಸುತ್ತುಗಟ್ಟಿದಾಗ ಹೆಚ್ಚುಕಡಿಮೆ ಅಷ್ಟೂ ವಾಪಸ್ ಬರುತ್ತೆ. ಕೊನೆಗೆ ಕೊರತೆ ಬೀಳೋದು ಬರೀ 4 ಕಿಲೋಜೌಲ್. ಅಷ್ಟನ್ನ ನೀರಿನ ಬಿಸಿಯಿಂದಲೇ ತಗೊಳ್ಳುತ್ತೆ, ನೀರು ತುಸು ತಣ್ಣಗಾಗುತ್ತೆ. ಕೊರತೆ ಇಷ್ಟು ಚಿಕ್ಕದಾದ್ದರಿಂದಲೇ ಬಿಸಿ ಹೆಚ್ಚಿಸಿದರೂ ಹೆಚ್ಚೇನೂ ಬದಲಾಗಲ್ಲ.

ಅತ್ತಿಗೆ: ನಷ್ಟ ಅಂತೀಯ, ಆದರೂ ಕರಗುತ್ತೆ ಅಂತೀಯ. ನಷ್ಟದ ವ್ಯಾಪಾರ ಯಾರು ಮಾಡ್ತಾರೆ?

ಮೈದುನ: ಶಕ್ತಿಯ ಲೆಕ್ಕ ಒಂದೇ ನೋಡಿದರೆ ನಷ್ಟ. ಪ್ರಕೃತಿ ಇನ್ನೊಂದು ಖಾತೆಯನ್ನೂ ಇಡುತ್ತೆ: ಕಣಗಳು ಎಷ್ಟು ರೀತಿಯಲ್ಲಿ ಇರಬಹುದು ಅನ್ನೋ ಎಣಿಕೆ. ಹರಳಿನೊಳಗೆ ಪ್ರತಿ ಅಯಾನಿಗೂ ಒಂದೇ ನಿಗದಿಯಾದ ಜಾಗ. ನೀರಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಈ ಎಣಿಕೆಗೇ ಎಂಟ್ರೊಪಿ ಅನ್ನೋದು. ಉಪ್ಪಿನಲ್ಲಿ ಆ 4 ಕಿಲೋಜೌಲಿನ ಕೊರತೆಯನ್ನ ಅದು ತುಂಬಿ ಮಿಗಿಸುತ್ತೆ. ಉಪ್ಪು ಹೀಗೆ ಧನ, ಋಣ ಚೂರುಗಳಾಗಿಯೇ ನೀರಿಗೆ ಇಳಿಯುತ್ತೆ ಅನ್ನೋದನ್ನ ಕೂಡ ಜನ ಸುಲಭಕ್ಕೆ ಒಪ್ಪಲಿಲ್ಲ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಉಪ್ಸಾಲದಲ್ಲಿ ಇದರ ಬೀಜ ಇದ್ದ ಪ್ರಬಂಧ ಕೊಟ್ಟಾಗ ಕೆಳದರ್ಜೆಯಲ್ಲಿ ಪಾಸು ಮಾಡಿದರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಂತು.

ಅತ್ತಿಗೆ: ಹಾಗಾದರೆ ಸೀಮೆಸುಣ್ಣ, ಕಡಲಚಿಪ್ಪು? ಅವುಗಳಲ್ಲೂ ಧನ ಋಣ ಇರಬೇಕಲ್ಲ. ಅವು ಯಾಕೆ ಕರಗಲ್ಲ?

ಮೈದುನ: ಉಪ್ಪಿನಲ್ಲಿ ಸೋಡಿಯಂಗೆ ಒಂದು ಧನ, ಕ್ಲೋರೈಡಿಗೆ ಒಂದು ಋಣ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಎರಡಕ್ಕೆ ಎರಡು. ದೂರ ಅಷ್ಟೇ ಇದ್ದರೆ ಸೆಳೆತ ನಾಲ್ಕು ಪಟ್ಟು. ನೀರಿಗೆ ಕೀಳೋಕೆ ಆಗಲ್ಲ.

ಅತ್ತಿಗೆ: ಇದೂ ಒಂದು ಸೂತ್ರ. ಇದಕ್ಕೂ ಒಂದು ಸೀರೆ ಎಲ್ಲೋ ಕಾದಿರುತ್ತೆ.

ಮೈದುನ: ಕಾದಿದೆ! ಮೆಗ್ನೀಸಿಯಂ ಸಲ್ಫೇಟು, ಬೇರಿಯಂ ಸಲ್ಫೇಟು. ಎರಡರಲ್ಲೂ ಎರಡಕ್ಕೆ ಎರಡೇ. ಮೊದಲನೆಯದು ನೀರಿಗೆ ಧಾರಾಳವಾಗಿ ಇಳಿಯುತ್ತೆ, ಎಪ್ಸಮ್ ಉಪ್ಪು ಅಂತ ಮಾರುತ್ತಾರಲ್ಲ, ಅದೇ. ಎರಡನೆಯದು ಒಂದು ಲೀಟರಿಗೆ ಎರಡೂವರೆ ಮಿಲಿಗ್ರಾಂ ಕರಗಿದರೆ ಹೆಚ್ಚು. ಮೆಗ್ನೀಸಿಯಂ ಅಯಾನು ಬಹಳ ಚಿಕ್ಕದು. ನೀರು ಅದಕ್ಕೆ ತೀರಾ ಹತ್ತಿರ ಬಂದು ಬಿಗಿಯಾಗಿ ಹಿಡಿಯುತ್ತೆ, ಆದಾಯ ಭಾರಿ. ಹರಳಿನಲ್ಲಿ ಮಾತ್ರ ಪಕ್ಕದ ದಪ್ಪ ಸಲ್ಫೇಟು ಅದನ್ನ ಅಷ್ಟು ಹತ್ತಿರ ಬಿಟ್ಟುಕೊಳ್ಳಲ್ಲ. ಬೇರಿಯಂ ದಪ್ಪ, ಸಲ್ಫೇಟಿನ ಜೊತೆ ಹರಳಿನಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತೆ, ನೀರಿನಿಂದ ಅದಕ್ಕೆ ಸಿಗೋದು ಕಡಿಮೆ. ಹೊಟ್ಟೆಯ ಎಕ್ಸ್-ರೇಗೆ ಮೊದಲು ಬೇರಿಯಂ ಕುಡಿಸ್ತಾರಲ್ಲ? ಬೇರಿಯಂ ಅಯಾನು ವಿಷ. ಸಲ್ಫೇಟು ಕರಗಲ್ಲ ಅನ್ನೋ ಒಂದೇ ಕಾರಣಕ್ಕೆ ರೋಗಿ ಕ್ಷೇಮ.

ಅತ್ತಿಗೆ: ಎರಡೂವರೆ ಮಿಲಿಗ್ರಾಂ ಅಂದೆ. ಅಂದರೆ ಪೂರ್ತಿ ಕರಗಲ್ಲ ಅನ್ನೋದು ಯಾವುದೂ ಇಲ್ಲವಾ?

ಮೈದುನ: ಪೂರ್ತಿ ಸೊನ್ನೆ ಸಿಗೋದು ಕಷ್ಟ. ಚಿಪ್ಪು ಕೂಡ ಶುದ್ಧ ನೀರಿಗೆ ಲೀಟರಿಗೆ 14 ಮಿಲಿಗ್ರಾಂನಷ್ಟು ಬಿಡುತ್ತೆ. ಅದೇ ಮಳೆನೀರು ಮಣ್ಣಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹೊತ್ತು ಸುಣ್ಣಕಲ್ಲಿನ ಮೇಲೆ ಇಳಿದರೆ ಹತ್ತಾರು ಪಟ್ಟು ಕರಗಿಸುತ್ತೆ. ಬೋರ್‌ವೆಲ್ಲಿನ ಗಡಸು ನೀರು ಅದೇ. ಕಾಯಿಸಿದಾಗ ಆ ಗ್ಯಾಸು ಹಾರಿಹೋಗುತ್ತೆ, ಗೀಸರಿನೊಳಗೆ ಬಿಳಿ ಹಕ್ಕಳೆ ಕಟ್ಟುತ್ತೆ.

ಅತ್ತಿಗೆ: ಆ ನೀರಲ್ಲಿ ಬೇಳೆ ಬೇಯಲ್ಲ. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಕಾಳು ಕಾಳಾಗೇ ಇರುತ್ತೆ.

ಮೈದುನ: ಕಾಳಿನ ಜೀವಕೋಶಗಳನ್ನ ಅಂಟಿಸಿಟ್ಟಿರೋದು ಪೆಕ್ಟಿನ್. ಕ್ಯಾಲ್ಸಿಯಂ ಸೇರಿದರೆ ಅದು ನೀರಿಗೆ ಬಿಡದ ಅಂಟಾಗುತ್ತೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಪೆಕ್ಟಿನ್ ಬೇಗ ಸಡಿಲ ಆಗುತ್ತೆ. ಇಷ್ಟಾದರೂ ಗಡಸುತನ ಕಣ್ಣಿಗೆ ಕಾಣುತ್ತೆ, ಅದರಿಂದ ಭಯ ಇಲ್ಲ. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್‌ಗಳ ಫ್ಲೋರೈಡ್ ಕಣ್ಣಿಗೂ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ. ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ದಾರಿಯೇ ಇಲ್ಲದಿದ್ದರೆ 1.5. ಅದಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಮೂಳೆ ಕೀಲುಗಳಿಗೇ ಪೆಟ್ಟು.

ಅತ್ತಿಗೆ: ಕಲ್ಲಿನಿಂದ ಬಂದದ್ದಲ್ವಾ? ಕಲ್ಲು ಎಲ್ಲಾ ಕಡೆಯೂ ಇದೆ.

ಮೈದುನ: ಕಲ್ಲಿನಲ್ಲಿ ಇದ್ದರೆ ಸಾಲದು, ನೀರು ಅದನ್ನ ಇಟ್ಟುಕೊಳ್ಳುವ ಹಾಗಿರಬೇಕು. ಕ್ಯಾಲ್ಸಿಯಂ ಫ್ಲೋರೈಡು ಲೀಟರಿಗೆ 16 ಮಿಲಿಗ್ರಾಂ ಮಾತ್ರ ಕರಗುವಂಥದ್ದು. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನ ಕೂಡಿಕೊಂಡು ಕೆಳಗೆ ಕೂರುತ್ತೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟು ಜಾಸ್ತಿ ಇರೋ ನೀರಿಗೆ ಆ ತಡೆ ಇಲ್ಲ, ಫ್ಲೋರೈಡ್ ಏರುತ್ತಾ ಹೋಗುತ್ತೆ. ಬಟ್ಟೆ ಒಗೆಯೋಕೆ ಮೃದುವಾಗಿದೆ ಅನ್ನಿಸೋ ನೀರೇ ಹಲ್ಲಿಗೆ ಕೆಟ್ಟದ್ದಾಗಿರಬಹುದು. ಕಾಯಿಸಿದರೂ ಹೋಗಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಸಾಂದ್ರ ಆಗುತ್ತೆ.

ಅತ್ತಿಗೆ: ಅಂದರೆ ಒಂದು ವಸ್ತು ಕರಗೋದು, ಬಿಡೋದು, ಆಗಲೇ ನೀರಿನಲ್ಲಿ ಇನ್ಯಾರು ಇದ್ದಾರೆ ಅನ್ನೋದರ ಮೇಲೂ ನಿಂತಿದೆ.

ಮೈದುನ: ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಅದನ್ನ ಕಣ್ಣಾರೆ ನೋಡಬಹುದು. ಗೋಕರ್ಣದ ಹತ್ತಿರ, ಅಘನಾಶಿನಿಯ ಅಳಿವೆಯಲ್ಲಿ. ಸಮುದ್ರದ ನೀರಿನ ಲೀಟರಿನಲ್ಲಿ 35 ಗ್ರಾಂ ಲವಣ ಇದೆ, ಅದರಲ್ಲಿ ಮುಕ್ಕಾಲು ಭಾಗ ನಮ್ಮ ಉಪ್ಪು. ಬಿಸಿಲಿಗೆ ನೀರು ಇಂಗುತ್ತಾ ಬಂದ ಹಾಗೆ ಮೊದಲು ಕೂರೋದು ಸುಣ್ಣಕಲ್ಲಿನ ಅಂಶ. ನೀರು ಐದರಲ್ಲೊಂದು ಪಾಲಿಗೆ ಇಳಿದಾಗ ಜಿಪ್ಸಮ್. ಹತ್ತರಲ್ಲೊಂದಕ್ಕೆ ಬಂದಾಗ ಉಪ್ಪಿನ ಹರಳು. ಕೊನೆಯವರೆಗೂ ನೀರಲ್ಲೇ ಉಳಿಯೋದು ಮೆಗ್ನೀಸಿಯಂ ಲವಣ, ಬಾಯಿಗಿಟ್ಟರೆ ಕಹಿ. ಅದು ಕೂರೋ ಮುಂಚೆ ಆ ನೀರನ್ನ ಹೊರಗೆ ಬಿಟ್ಟುಬಿಡಬೇಕು.

ಅತ್ತಿಗೆ: ಸ್ವಲ್ಪ ಉಳಿದುಬಿಟ್ಟರೆ?

ಮೈದುನ: ಮಳೆಗಾಲದಲ್ಲಿ ನಿಮ್ಮ ಹರಳುಪ್ಪಿನ ಭರಣಿ ನೀರೊಡೆಯುತ್ತಲ್ಲ, ಅದು ಬಹುಪಾಲು ಮೆಗ್ನೀಸಿಯಂ ಕ್ಲೋರೈಡಿನ ಕೆಲಸ. ಅದಕ್ಕೆ ನೀರಿನ ಆಸೆ ಎಷ್ಟು ಅಂದರೆ ಗಾಳಿಯಿಂದಲೇ ಎಳೆದುಕೊಂಡು ತಾನೇ ಕರಗುತ್ತೆ.

ಅತ್ತಿಗೆ: ಎಣ್ಣೆ ಮಾತು ತಪ್ಪಿಸಿಕೊಂಡೇ ಬಂದೆ. ಅದಕ್ಕೂ ನೀರಿಗೂ ಹಗೆ. ಅದಂತೂ ನೇರ ಇದೆ.

ಮೈದುನ: ಹಗೆ ಇಲ್ಲ ಅತ್ತಿಗೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದಾಗ ಕ್ಲಾಪಮ್ಮಿನ ಒಂದು ಕೊಳಕ್ಕೆ ಒಂದು ಟೀ ಚಮಚ ಎಣ್ಣೆ ಬಿಟ್ಟ. ಅದು ಹರಡುತ್ತಾ ಹರಡುತ್ತಾ ಸುಮಾರು ಅರ್ಧ ಎಕರೆ ಮುಚ್ಚಿತು. 1774ರಲ್ಲಿ ಆ ವರದಿ ಅಚ್ಚಾಯಿತು. ಹಗೆ ಇದ್ದರೆ ಹನಿ ಮುದುಡಿಕೊಂಡು ಕೂರಬೇಕಿತ್ತು. ಎಣ್ಣೆಯ ಅಣುವಿನಲ್ಲಿ ಆಕ್ಸಿಜನ್ ಇರೋ ತುದಿ ನೀರನ್ನ ತಬ್ಬುತ್ತೆ. ಕಾರ್ಬನ್ನಿನ ಉದ್ದ ಬಾಲಗಳು ಮಾತ್ರ ಹೊರಗೆ ಉಳಿಯುತ್ತವೆ.

ಅತ್ತಿಗೆ: ಆ ಬಾಲಗಳಿಗಾದರೂ ಹಗೆ ಇರಬೇಕಲ್ಲ?

ಮೈದುನ: ಅಲ್ಲೂ ಇಲ್ಲ. ಅಡುಗೆ ಗ್ಯಾಸಿನಲ್ಲಿರೋ ಬ್ಯುಟೇನ್ ಬರೀ ಬಾಲವೇ, ಕಾರ್ಬನ್ ಹೈಡ್ರೋಜನ್ ಬಿಟ್ಟರೆ ಏನಿಲ್ಲ. ದ್ರವ ಬ್ಯುಟೇನಿನ ಅಣು ನೀರಿಗೆ ಇಳಿದಾಗ ಶಾಖ ಖರ್ಚಾಗೋ ಬದಲು ಸ್ವಲ್ಪ ಹೊರಗೇ ಬರುತ್ತೆ. ಶಕ್ತಿಯ ಖಾತೆಯಲ್ಲಿ ಉಪ್ಪಿಗೆ ನಷ್ಟ, ಇದಕ್ಕೆ ಲಾಭ. ಆದರೂ ಉಪ್ಪು ಕರಗುತ್ತೆ, ಇದು ಕರಗಲ್ಲ.

ಅತ್ತಿಗೆ: ಎಣಿಕೆಯ ಖಾತೆ ಅಡ್ಡ ಬಂತು ಅನ್ನು.

ಮೈದುನ: ಅದೇ. ಕೋಲಾಟ ನೆನಪು ಮಾಡಿಕೊಳ್ಳಿ. ನೀರಿನ ಪ್ರತಿ ಅಣುವೂ ಸುತ್ತಲಿನ ನಾಲ್ಕು ಅಣುಗಳ ಜೊತೆ ಕೋಲು ತಾಗಿಸುತ್ತೆ. ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಹೊತ್ತಿಗೆ ಜೊತೆಗಾರರು ಬದಲಾಗುತ್ತಾರೆ. ಈಗ ಕೋಲೇ ಇಲ್ಲದ ಒಬ್ಬ ನಡುವೆ ಬಂದು ನಿಂತ. ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ಅವನ ಸುತ್ತ ಇರೋರು ಆಟ ಬಿಡಲ್ಲ, ಅವರಿಗೆ ಕೋಲೂ ಸಿಗುತ್ತೆ. ಆದರೆ ಅವನ ಕಡೆ ಕೋಲು ಚಾಚಿ ಫಲ ಇಲ್ಲ, ಹಾಗಾಗಿ ತಿರುಗೋ ದಿಕ್ಕುಗಳು ಕಡಿಮೆಯಾದವು. ಅಂಥ ಹತ್ತು ಮಂದಿ ಹತ್ತು ಕಡೆ ನಿಂತರೆ ಆಟದಲ್ಲಿ ಹತ್ತು ಕಡೆ ತೊಡಕು. ಹತ್ತೂ ಮಂದಿ ಒಂದೇ ಕಡೆ ಗುಂಪಾದರೆ ಅಂಚಿನಲ್ಲಿ ಮಾತ್ರ ತೊಡಕು.

ಅತ್ತಿಗೆ: ಅವರನ್ನ ಯಾರೂ ತಳ್ಳಲಿಲ್ಲ. ಆಟವೇ ಅವರನ್ನ ಒಂದು ಕಡೆ ಸೇರಿಸಿತು.

ಮೈದುನ: ಎಣ್ಣೆ ಯಾಕೆ ಕರಗಲ್ಲ ಅನ್ನೋದಕ್ಕೆ ಉತ್ತರ ಎಣ್ಣೆಯಲ್ಲಿ ಹುಡುಕಿದರೆ ಸಿಗಲ್ಲ. ಅದು ನೀರಿಗೂ ನೀರಿಗೂ ನಡುವಿನ ವ್ಯವಹಾರ. ಆ ಬಾಲಕ್ಕೆ ಒಂದು ಆಕ್ಸಿಜನ್–ಹೈಡ್ರೋಜನ್ ಜೋಡಿ ಸಿಕ್ಕಿಸಿದರೆ ಲೆಕ್ಕ ಬದಲಾಗುತ್ತೆ. ಎರಡು ಕಾರ್ಬನ್ನಿನ ಆಲ್ಕೋಹಾಲು ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತೆ. ನಾಲ್ಕು ಕಾರ್ಬನ್ನಿಗೆ ಬಂದರೆ ಲೀಟರಿಗೆ 70–80 ಗ್ರಾಂ. ಆರಕ್ಕೆ ಬಂದರೆ ಐದಾರು ಗ್ರಾಂ ಅಷ್ಟೇ.

ಅತ್ತಿಗೆ: ಸೀಗೆಕಾಯಿ ಎಣ್ಣೆಯನ್ನ ತೆಗೆಯೋದು ಹೇಗೆ ಮತ್ತೆ? ನಾವು ಎಣ್ಣೆ–ಸೀಗೆಕಾಯಿ ಅಂದರೆ ಆಗದವರು ಅಂತಲೇ ಹೇಳೋದು.

ಮೈದುನ: ಸೀಗೆಯಲ್ಲಿರೋ ಸಪೊನಿನ್ ಅಣುವಿನ ಒಂದು ಪಾಲು ಎಣ್ಣೆಯಂಥದ್ದು, ಇನ್ನೊಂದು ಪಾಲು ಸಕ್ಕರೆ. ಎಣ್ಣೆಯ ಕಡೆ ಎಣ್ಣೆಗೆ ಸೇರುತ್ತೆ, ಸಕ್ಕರೆಯ ಕಡೆ ನೀರಿಗೆ. ಸ್ನಾನದ ಮನೆಯಲ್ಲಿ ಎಣ್ಣೆಗೆ ಅದರಷ್ಟು ಹತ್ತಿರದ ನಂಟ ಇನ್ನೊಬ್ಬರಿಲ್ಲ.

ಅತ್ತಿಗೆ: ಅಡುಗೆಯಲ್ಲಿ ನನಗೆ ಎಣ್ಣೆಯೇ ನೀರು. ಇಂಗು, ಅರಿಶಿನ, ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೇ ಸಾರಿನ ತುಂಬ ಹರಡೋದು.

ಮೈದುನ: ಅರಿಶಿನದ ಹಳದಿ, ಮೆಣಸಿನ ಖಾರ ಎರಡೂ ಎಣ್ಣೆಯಲ್ಲಿ ಕರಗೋ ಅಣುಗಳು. ಖಾರ ಹತ್ತಿದಾಗ ನೀರು ಕುಡಿದರೆ ಹೋಗಲ್ಲ, ಹಾಲೋ ಮೊಸರೋ ಬೇಕು. ಅದೇ ಎಣ್ಣೆಗೆ ಉಪ್ಪು ಹಾಕಿ, ಹಾಗೇ ಕೂತಿರುತ್ತೆ. ನೀರಿನೊಳಗೆ ಧನ ಋಣಗಳ ಸೆಳೆತ 80ರಲ್ಲೊಂದು ಪಾಲಿಗೆ ಇಳಿಯುತ್ತೆ, ಎಣ್ಣೆಗೆ ಆ ಶಕ್ತಿ ಇಲ್ಲ.

ಅತ್ತಿಗೆ: ನೀರಿಗೆ ಎಣ್ಣೆಯನ್ನೂ ಕರಗಿಸೋ ಶಕ್ತಿ ಇದ್ದಿದ್ದರೆ ಪಾತ್ರೆ ತೊಳೆಯೋದು ಎಷ್ಟು ಸಲೀಸು!

ಮೈದುನ: ಪಾತ್ರೆ ತೊಳೆಯೋರೇ ಇರುತ್ತಿರಲಿಲ್ಲ. ಯಾಕೆ ಅನ್ನೋದು ಪಾತ್ರೆ ತೊಳೆದ ನೀರಿನಿಂದಲೇ ಶುರುವಾಗುತ್ತೆ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಅಂತ ಒಬ್ಬರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ, ಮನೆಯಲ್ಲಿ ತಂದೆತಾಯಿಯನ್ನ ನೋಡಿಕೊಂಡಿದ್ದವರು. ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹೇಗೆ ಹರಡುತ್ತೆ ಅಂತ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಮಾಡಿಕೊಂಡು ಅಳೆದರು. 1891ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಬರೆದರು. ರೇಲಿ ಆ ಪತ್ರವನ್ನ 'ನೇಚರ್' ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು.

ಅತ್ತಿಗೆ: ಜಿಡ್ಡು ಅಳೆದು ಏನು ಸಿಕ್ಕಿತು?

ಮೈದುನ: ಆ ತೊಟ್ಟಿಯ ವಿಧಾನವೇ ಬೆಳೆದು 1925ರ ಹೊತ್ತಿಗೆ ಡಚ್ ವಿಜ್ಞಾನಿಗಳಾದ ಗೋರ್ಟರ್, ಗ್ರೆಂಡೆಲ್ ಅವರ ಕೈಗೆ ಬಂದಿತ್ತು. ಅವರು ಕೆಂಪು ರಕ್ತಕಣಗಳ ಕೊಬ್ಬನ್ನ ತೆಗೆದು ನೀರಿನ ಮೇಲೆ ಹರಡಿದರು. ಅದು ಮುಚ್ಚಿದ ಜಾಗ, ಆ ಕಣಗಳ ಒಟ್ಟು ಮೈಯಳತೆಯ ಎರಡರಷ್ಟು ಬಂತು. ಅಂದರೆ ಕಣದ ಗೋಡೆ ಎರಡು ಪದರದ್ದು: ಬಾಲಗಳು ಒಳಮುಖವಾಗಿ ಒಂದರ ಕಡೆಗೊಂದು, ನೀರಿಗೆ ಒಗ್ಗುವ ತಲೆಗಳು ಹೊರಗೆ. ಮಿಲಿಮೀಟರಿನ ಎರಡು ಲಕ್ಷದ ಒಂದು ಭಾಗದಷ್ಟು ತೆಳು. ಅದನ್ನ ಯಾರೂ ಹೊಲಿದಿಲ್ಲ. ನೀರಿನ ಅದೇ ಎಣಿಕೆ ಬಾಲಗಳನ್ನ ಒಟ್ಟಿಗೆ ಇಟ್ಟಿದೆ. ನೀರು ಕೊಬ್ಬನ್ನ ಕರಗಿಸೋ ಹಾಗಿದ್ದರೆ ಒಳಗು ಹೊರಗು ಅನ್ನೋದೇ ಇರುತ್ತಿರಲಿಲ್ಲ.

ಅತ್ತಿಗೆ: ಗೋಡೆ ಕೊಬ್ಬಿನದಾದರೆ, ನೀರಲ್ಲಿ ಕರಗೋ ಔಷಧಿ ಅದರೊಳಗೆ ಹೋಗೋದು ಹೇಗೆ?

ಮೈದುನ: ಔಷಧಿ ಮಾಡೋರ ತಲೆನೋವೇ ಅದು. ಹೊಟ್ಟೆಯ ನೀರಲ್ಲೂ ಕರಗಬೇಕು, ಗೋಡೆಯ ಕೊಬ್ಬಿನಲ್ಲೂ ನುಸುಳಬೇಕು. ನಿಮ್ಮ ಮಂಡಿನೋವಿನ ಮಾತ್ರೆಯ ಪಟ್ಟಿಯ ಮೇಲೆ ಡೈಕ್ಲೋಫೆನಾಕ್ ಸೋಡಿಯಂ ಅಂತ ಇದೆಯಲ್ಲ? ಬರೀ ಡೈಕ್ಲೋಫೆನಾಕ್ ಲೀಟರ್ ನೀರಿಗೆ ಕೆಲವೇ ಮಿಲಿಗ್ರಾಂ ಕರಗುತ್ತೆ. ಅದನ್ನ ಸೋಡಿಯಂ ಲವಣ ಮಾಡಿದರೆ ಸಾವಿರಾರು ಪಟ್ಟು ಜಾಸ್ತಿ.

ಅತ್ತಿಗೆ: ಇಷ್ಟೆಲ್ಲ ಬಾಬ್ತು ಗೊತ್ತಿದ್ದ ಮೇಲೆ, ಹೊಸ ಔಷಧಿ ಎಷ್ಟು ಕರಗುತ್ತೆ ಅಂತ ಕೂತಲ್ಲೇ ಲೆಕ್ಕ ಹಾಕಬಹುದಲ್ಲ?

ಮೈದುನ: ಕಂಪ್ಯೂಟರ್ ಅಂದಾಜು ಹೇಳುತ್ತೆ, ನಂಬಿ ಕೂರೋ ಹಾಗಿಲ್ಲ. ಉಪ್ಪಿನ ಲೆಕ್ಕ ನೋಡಿ: ಖರ್ಚು 787, ಆದಾಯ 783, ಉಳಿದದ್ದು 4. ಆ ದೊಡ್ಡ ಅಂಕಿಗಳಲ್ಲಿ ನೂರಕ್ಕೆ ಒಂದರಷ್ಟು ತಪ್ಪಾದರೂ ಕರಗೋದು ಕರಗದ್ದಾಗುತ್ತೆ, ಕರಗದ್ದು ಕರಗೋದಾಗುತ್ತೆ.

ಅತ್ತಿಗೆ: ಹಾಗಾದರೆ ಕೊನೆಗೆ ನೀವೂ ನೀರಿಗೆ ಹಾಕಿ ಕಲಕಿಯೇ ನೋಡೋದು.

ಮೈದುನ: ಕಲಕಿ, ಸೋಸಿ, ತೂಗಿ.